ಹೊರೆ ಹೊತ್ತ ಹೆಂಗಸರನ್ನು ಓಡಿಸಬೇಡಿ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಸುರುವಾಗುವ ಹೊತ್ತಿದು. ಇನ್ನು ಮಾರ್ಚ್ ತನಕ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲಿ ನೋಡಿದರೂ ಹೊರೆ. ತೋಟದಿಂದ ಅಂಗಳಕ್ಕೆ ಹೆಡಗೆ, ಗುಡ್ಡೆಯಿಂದ ಹಟ್ಟಿಗೆ ಸೊಪ್ಪು, ಮಳೆ ಬಿಟ್ಟ ಕೂಡಲೇ ಏಳುವ ಮನೆಗಳ ಕೆಲಸದಲ್ಲಿ ಜಲ್ಲಿ, ಹೊಯ್ಗೆ, ಕಾಂಕ್ರೀಟಿನ ಬಾಣಲೆ. ಹೊರುವವರಲ್ಲಿ ಹೆಂಗಸರೇ ಜಾಸ್ತಿ. ಇವರ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, "ಅವರಿಗೆ ಅಭ್ಯಾಸ ಉಂಟಲ್ಲ." ಇನ್ನೊಂದು, "ತಲೆಹೊರೆ ಬೆನ್ನಿಗೆ ಒಳ್ಳೆಯದು, ನೆಟ್ಟಗೆ ನಿಲ್ಲಿಸುತ್ತದೆ." ಎರಡರಲ್ಲೂ ಅರ್ಧ ನಿಜ ಇದೆ. ನಡೆಯುವವಳ ಮಟ್ಟಿಗೆ ಮಾತ್ರ ಆ ಅರ್ಧ. ಅದೇ ಹೊರೆ ಹೊತ್ತು ಅವಳು ಓಡಲು ಹೊರಟಳೋ, ಲೆಕ್ಕವೇ ಬೇರೆಯಾಗುತ್ತದೆ. ಹೊರೆಯ ತೂಕದ ಬಗ್ಗೆ ಅಷ್ಟಿಷ್ಟು ಮಾತಾಡುವ ನಾವು ಹೊತ್ತವಳ ವೇಗದ ಬಗ್ಗೆ ಮಾತೇ ಆಡುವುದಿಲ್ಲ. ಈ ಪತ್ರ ಅದಕ್ಕಾಗಿ.

ಮೊದಲು ಬರಿಗೈಯ ನಡಿಗೆ. ಊರಿದ ಕಾಲು ಗೂಟದ ಹಾಗೆ ನೆಟ್ಟಗಿರುತ್ತದೆ, ಸೊಂಟ ಅದರ ಮೇಲಿಂದ ಕಮಾನು ಹಾಕಿ ದಾಟುತ್ತದೆ. ಮೇಲೇರುವಾಗ ವೇಗ ತುಸು ಕುಂದುತ್ತದೆ, ಇಳಿಯುವಾಗ ಕುಂದಿದ್ದು ವಾಪಸು ಬರುತ್ತದೆ. ಗೋಡೆ ಗಡಿಯಾರದ ಲೋಲಕವನ್ನು ತಲೆಕೆಳಗು ನಿಲ್ಲಿಸಿದ ಹಾಗೆ. ಏರಿಳಿತ ನಾಲ್ಕೈದು ಸೆಂಟಿಮೀಟರು ಅಷ್ಟೆ. ಆದರೆ ಈ ಕೊಟ್ಟು ಪಡೆಯುವ ವ್ಯವಹಾರದಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಶಕ್ತಿ ಖರ್ಚಾಗದೆ ಉಳಿಯುತ್ತದೆ. ನಾವು ದಿನವಿಡೀ ನಡೆಯಬಲ್ಲೆವು, ದಿನವಿಡೀ ಓಡಲಾರೆವು ಎನ್ನುವುದಕ್ಕೆ ಒಂದು ಮುಖ್ಯ ಕಾರಣ ಇದು.

ಈ ಲೋಲಕದ ತುದಿಯಲ್ಲಿ ಹೊರೆ ಇಟ್ಟರೆ ಏನಾಗುತ್ತದೆ ಎಂದು ಕೀನ್ಯಾ ದೇಶದ ಲುವೊ ಮತ್ತು ಕಿಕುಯು ಹೆಂಗಸರ ಮೇಲೆ ಅಳೆದು ನೋಡಿದ್ದು 1986ರಲ್ಲಿ ಪ್ರಕಟವಾಯಿತು. ಲುವೊ ಹೆಂಗಸರು ನಮ್ಮವರ ಹಾಗೆ ತಲೆಯ ಮೇಲೆ ಹೊರುವವರು, ಕಿಕುಯು ಹೆಂಗಸರು ಹಣೆಗೆ ಪಟ್ಟಿ ಕೊಟ್ಟು ಬೆನ್ನಿನಲ್ಲಿ ಹೊರುವವರು. ಮೈತೂಕದ ಐದರಲ್ಲೊಂದು ಪಾಲಿನ ತನಕ ಹೊರೆ ಏರಿಸಿದರೂ ಅವರು ಸೇದಿಕೊಳ್ಳುವ ಆಮ್ಲಜನಕ ಹೆಚ್ಚಲಿಲ್ಲ. ಹೊರೆ ಇದ್ದಾಗ ಅವರ ಲೋಲಕ ಇನ್ನೂ ಚೊಕ್ಕವಾಗಿ ಆಡುತ್ತದೆ ಎಂಬ ಕಾರಣ 1995ರಲ್ಲಿ ಗೊತ್ತಾಯಿತು. "ಅಭ್ಯಾಸ ಉಂಟಲ್ಲ" ಎನ್ನುವವರ ಬೆನ್ನಿಗೆ ನಿಂತ ವಿಜ್ಞಾನ ಇದು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ದಕ್ಷಿಣ ಆಫ್ರಿಕದ ಷೋಸಾ ಹೆಂಗಸರನ್ನು ಅಳೆದವರು 2010ರಲ್ಲಿ ಹೇಳಿದ್ದು ಬೇರೆ: ಒಬ್ಬೊಬ್ಬರದು ಒಂದೊಂದು ಲೆಕ್ಕ, ಸರಾಸರಿ ತೆಗೆದರೆ ತಲೆಹೊರೆಗೆ ಯಾವ ರಿಯಾಯಿತಿಯೂ ಇಲ್ಲ, ವರ್ಷಗಟ್ಟಲೆ ಹೊತ್ತ ಅನುಭವಕ್ಕೂ ಅಂಥ ಲಾಭ ಕಾಣುವುದಿಲ್ಲ. ಅಂದರೆ ಅದೇ ಅಂಗಳದಲ್ಲಿ ಒಬ್ಬಳಿಗೆ ಸಲೀಸಾದ ಹೆಡಗೆ ಪಕ್ಕದವಳಿಗೆ ಏದುಸಿರು ತರಿಸಿದರೆ ಅದು ಸೋಮಾರಿತನವಲ್ಲ.

ಮೇಲಿನ ಅಳತೆಗಳೆಲ್ಲ ಸಮತಟ್ಟು ನೆಲದಲ್ಲಿ, ಹೊರುವವಳಿಗೆ ಒಗ್ಗುವ ನಡಿಗೆಯಲ್ಲಿ ತೆಗೆದವು ಎಂಬುದನ್ನು ಮರೆಯಬಾರದು. ಕಾಸರಗೋಡಿನ ತೋಟದಲ್ಲಿ ಸಮತಟ್ಟು ಎಲ್ಲುಂಟು?

ಹೊರೆ ಏರಿದ ಕೂಡಲೇ ನಡಿಗೆಯಲ್ಲಿ ಆಗುವ ಬದಲಾವಣೆ ಬರಿಗಣ್ಣಿಗೇ ಕಾಣುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ಅದನ್ನು ತುಂಬಿಕೊಳ್ಳಲು ಹೆಜ್ಜೆಗಳ ಸಂಖ್ಯೆ ಏರುತ್ತದೆ. ಎರಡೂ ಪಾದ ನೆಲದಲ್ಲಿರುವ ಹೊತ್ತು ಉದ್ದವಾಗುತ್ತದೆ, ಒಂಟಿಕಾಲಿನಲ್ಲಿ ನಿಲ್ಲುವ ಧೈರ್ಯ ಶರೀರಕ್ಕೆ ಸಾಲುವುದಿಲ್ಲ. ಬರಿಗೈಯಲ್ಲಿ ನಡೆಯುವಾಗ ಸೊಂಟ ಒಂದು ಕಡೆ, ಹೆಗಲು ಇನ್ನೊಂದು ಕಡೆ ತಿರುಗುತ್ತಾ ಒಂದನ್ನೊಂದು ಸರಿದೂಗಿಸುತ್ತವೆ. ತಲೆಯಲ್ಲಿ ಹೆಡಗೆ ಇದ್ದಾಗ ಎರಡೂ ಬಿಗಿದು ಒಂದೇ ಕಂಬವಾಗುತ್ತವೆ. ಒಂದು ಕೈ ಹೆಡಗೆ ಹಿಡಿದಿದೆ, ಅದರ ಬೀಸು ನಿಂತಿದೆ. ಕತ್ತು ತಿರುಗದು, ಕೆಳಗೆ ಬಾಗದು. ತನ್ನ ಕಾಲ ಬುಡ ಅವಳಿಗೆ ಕಾಣುವುದಿಲ್ಲ, ನಾಲ್ಕಾರು ಮಾರು ಮುಂದಿನದು ಮಾತ್ರ ಕಾಣುತ್ತದೆ. ಕಂಡದ್ದನ್ನು ನೆನಪಿಟ್ಟು ಅಲ್ಲಿಗೆ ಮುಟ್ಟಿದಾಗ ಕಾಲಿಡಬೇಕು.

ತೋಟದ ಕಣಿಗೆ ಅಡ್ಡ ಹಾಕಿದ ಎರಡು ಅಡಿಕೆ ಮರದ ಸಂಕವನ್ನು ಹೊರೆ ಹೊತ್ತವಳು ದಾಟುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಸಂಕದ ಮುಂದೆ ಎರಡು ಹೆಜ್ಜೆ ಇರುವಾಗಲೇ ನಡಿಗೆ ನಿಧಾನವಾಗುತ್ತದೆ. ಬಲಪಾದದ ಮುಂಭಾಗ ಮರವನ್ನು ತಡವುತ್ತದೆ, ಬೆರಳುಗಳು ಅಗಲವಾಗಿ ಹರಡಿ ಜಾರುವುದೋ ಇಲ್ಲವೋ ನೋಡುತ್ತವೆ, ಆಮೇಲೆ ಹಿಮ್ಮಡಿ ಊರುತ್ತದೆ. ಮೊಣಕಾಲು ಒಂದಿಷ್ಟು ಬಗ್ಗಿಯೇ ಇರುತ್ತದೆ, ಏರಿಳಿತ ಪೂರಾ ನಿಲ್ಲುತ್ತದೆ, ಹೊರೆ ನೀರಿನ ಮೇಲಿನ ದೋಣಿಯ ಹಾಗೆ ಸಮಮಟ್ಟದಲ್ಲಿ ಸಾಗುತ್ತದೆ. ಲೋಲಕ ಇಲ್ಲಿ ಕೆಲಸ ಮಾಡುತ್ತಿಲ್ಲ. ಅಷ್ಟೂ ಭಾರವನ್ನು ಬಗ್ಗಿದ ಮೊಣಕಾಲಿನ ಮೇಲಿನ ತೊಡೆಯ ಸ್ನಾಯು ಹಿಡಿದು ನಿಂತಿದೆ. ಆರಡಿ ಸಂಕ ದಾಟಲು ತಗಲುವ ದಣಿವು ಅದರ ಹತ್ತು ಪಾಲು ದೂರದ ಸಮ ದಾರಿಗೂ ತಗಲದು ಎಂದು ಹೊರುವವರೇ ಹೇಳುತ್ತಾರೆ. ಎರಡು ಮರದ ಬದಲು ನಾಲ್ಕು ಹಾಕಿ, ಮೇಲೆ ಹಳೆಯ ಬಲೆಯ ತುಂಡು ಬಿಗಿದು, ಒಂದು ಬದಿಗೆ ಸೊಂಟದೆತ್ತರದ ಬಿದಿರು ಕಟ್ಟಿದರೆ ಈ ಖರ್ಚು ಉಳಿಯುತ್ತದೆ. ಅರ್ಧ ದಿನದ ಕೆಲಸ.

ಈಗ ಓಟ. ಓಟದಲ್ಲಿ ಲೋಲಕ ಇಲ್ಲ, ಸ್ಪ್ರಿಂಗ್ ಇದೆ. ಎರಡೂ ಪಾದ ನೆಲ ಬಿಟ್ಟು ಮೈ ಗಾಳಿಯಲ್ಲಿರುವ ಒಂದು ಕ್ಷಣ ಪ್ರತಿ ಹೆಜ್ಜೆಗೂ ಇದೆ. ಮರಳಿ ನೆಲ ಮುಟ್ಟುವಾಗ ಕಾಲು ಸ್ಪ್ರಿಂಗಿನಂತೆ ಅಮುಕಿಕೊಂಡು ಮತ್ತೆ ಚಿಮ್ಮಬೇಕು. ನಡೆಯುವಾಗ ಪಾದದ ಮೇಲೆ ಬೀಳುವ ಅತಿ ಹೆಚ್ಚಿನ ಭಾರ ಮೈತೂಕದ ಸುಮಾರು ಒಂದೂಕಾಲು ಪಟ್ಟು, ಓಡುವಾಗ ಎರಡರಿಂದ ಮೂರು ಪಟ್ಟು. 50 ಕೆಜಿ ತೂಕದ ಹೆಂಗಸು 20 ಕೆಜಿ ಹೊತ್ತು ನಡೆದರೆ ಪ್ರತಿ ಹೆಜ್ಜೆಗೆ ಪಾದದ ಮೇಲೆ 85 ಕೆಜಿಯ ಆಸುಪಾಸು ಬೀಳುತ್ತದೆ. ಓಡಿದರೆ 170ರ ಹತ್ತಿರ. ಹೊರೆ ಒಂದು ಗ್ರಾಮೂ ಹೆಚ್ಚಿಲ್ಲ, ಪೆಟ್ಟು ಮಾತ್ರ ಇಮ್ಮಡಿ. ಓಟದಲ್ಲಿ ಶಕ್ತಿಯ ಖರ್ಚು ಕೂಡ ಹೊರೆಗೆ ಸರಿಯಾಗಿ ಏರುತ್ತದೆ, ಐದರಲ್ಲೊಂದು ಪಾಲು ಬಿಟ್ಟಿ ಎಂಬ ಕೀನ್ಯಾದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಪೆಟ್ಟು ತಗ್ಗಿಸಲು ಶರೀರ ತಾನಾಗಿ ಮೊಣಕಾಲನ್ನು ಇನ್ನಷ್ಟು ಬಗ್ಗಿಸುತ್ತದೆ. ಮೂಳೆಗೆ ಉಳಿದದ್ದನ್ನು ತೊಡೆಯ ಸ್ನಾಯು ಮತ್ತು ಮೊಣಚಿಪ್ಪು ತೆರುತ್ತವೆ. ಸಂಜೆ ಮೆಟ್ಟಿಲಿಳಿಯುವಾಗ ಮೊಣಕಾಲಿನ ಮುಂಭಾಗ ನೋಯುವುದು ಹೆಚ್ಚಾಗಿ ಇದರಿಂದ.

ಓಟ ಅಂದರೆ ಯಾರೂ ಹೆಡಗೆ ಹೊತ್ತು ನೂರು ಮೀಟರ್ ಓಡುವುದಿಲ್ಲ ಎನ್ನಬಹುದು. ನಾವು ಹೇಳುವುದು ಓಡುನಡಿಗೆಯನ್ನು. ಮೊಣಕಾಲು ಬಗ್ಗಿಸಿ, ಪಾದ ಎಳೆದು, ಕುಕ್ಕುತ್ತಾ ಸಾಗುವ ಆ ಅರೆ ಓಟವನ್ನು ಕೆಲಸದ ಜಾಗದಲ್ಲಿ ದಿನಾ ನೋಡಬಹುದು. ಲೋಲಕದ ಉಳಿತಾಯವೂ ಇಲ್ಲ, ಸ್ಪ್ರಿಂಗಿನ ಚಿಮ್ಮುವಿಕೆಯೂ ಇಲ್ಲ, ಎರಡರ ನಷ್ಟವೂ ಉಂಟು. ಗಿಡ್ಡ ಕಾಲಿನವರು ಉದ್ದ ಕಾಲಿನವರ ಸಮಕ್ಕೆ ಹೋಗಬೇಕಾದಾಗ ಅದು ಬರುತ್ತದೆ. ಗಂಡಸು ಆರಾಮಾಗಿ ನಡೆಯುವ ವೇಗ, ಅವನಿಗಿಂತ ಅರ್ಧ ಅಡಿ ಕುಳ್ಳಗಿನ ಹೆಂಗಸಿಗೆ, ಅದೂ ಹೊರೆ ಏರಿ ಹೆಜ್ಜೆ ಗಿಡ್ಡವಾದ ಮೇಲೆ, ಓಡುನಡಿಗೆಯ ವೇಗ.

ಇದರ ಪರಿಣಾಮವನ್ನು ಚೆನ್ನಾಗಿ ದಾಖಲಿಸಿರುವುದು ಸೇನೆಗಳು. ಆಸ್ಟ್ರೇಲಿಯಾದ ಸೇನೆಗೆ ಸೇರಿದ ಹುಡುಗಿಯರಲ್ಲಿ ತೊಡೆಸಂದಿನ ಎಲುಬು ಕೂದಲೆಳೆಯಷ್ಟು ಬಿರುಕು ಬಿಡುವುದು ವಿಪರೀತವಾಗಿತ್ತು. ಹೊರೆ ಹೊತ್ತು ಗಂಡಸರ ಹೆಜ್ಜೆಗೆ ಹೆಜ್ಜೆ ಸೇರಿಸಲು ಕಾಲನ್ನು ಅಳತೆ ಮೀರಿ ಮುಂದಕ್ಕೆ ಚಾಚುತ್ತಿದ್ದರು. ಚಾಚಿದಷ್ಟೂ ತೊಡೆಯ ಒಳಬದಿಯ ಸ್ನಾಯುಗಳು ಆ ತೆಳ್ಳಗಿನ ಎಲುಬನ್ನು ಜಗ್ಗುತ್ತಿದ್ದವು. ಕವಾಯತಿನ ವೇಗವನ್ನು ಗಂಟೆಗೆ 7.5 ಕಿಲೋಮೀಟರಿನಿಂದ 5ಕ್ಕೆ ಇಳಿಸಿದರು, ಅವರವರ ಹೆಜ್ಜೆ ಅವರವರು ಹಾಕಲಿ ಎಂದರು, ಸಾಲಿನ ನಡುವೆ ಜಾಗ ಬಿಟ್ಟರು, ಓಟವನ್ನು ಮೆತ್ತಗಿನ ನೆಲಕ್ಕೆ ತಂದರು. ನೂರರಲ್ಲಿ 11ಕ್ಕೂ ಮಿಕ್ಕಿ ಇದ್ದ ಬಿರುಕು ಒಂದಕ್ಕಿಂತ ಕೆಳಗಿಳಿಯಿತು. 1999ರಲ್ಲಿ ಪ್ರಕಟವಾದ ಲೆಕ್ಕ ಇದು.

ನಮ್ಮ ಊರಿನಲ್ಲಿ ಕವಾಯತು ಮಾಡಿಸುವ ಹವಾಲ್ದಾರ ಯಾರೆಂದರೆ ಕಾಂಕ್ರೀಟಿನ ಮಿಕ್ಸರು. ಒಂದು ಚೀಲದ ಮಿಕ್ಸರಿನಲ್ಲಿ 1:1.5:3 ಪ್ರಮಾಣದಲ್ಲಿ ಕಲಸಿದರೆ ಒಂದು ಸಲಕ್ಕೆ ಸುಮಾರು 125 ಲೀಟರ್ ಕಾಂಕ್ರೀಟು, ತೂಕ 300 ಕೆಜಿ. ಲೀಟರಿಗೆ 2.4 ಕೆಜಿಯಂತೆ, ಎಂಟು ಲೀಟರ್ ಹಿಡಿಯುವ ಬಾಣಲೆ ತುಂಬಿದರೆ 19 ಕೆಜಿ, ಬಾಣಲೆಯ ತೂಕ ಬೇರೆ. ಡ್ರಮ್ಮು ತಿರುಗುತ್ತಲೇ ಇರುತ್ತದೆ, ಮುಂದಿನದು ತಯಾರಾಗಿ ನಿಂತಿರುತ್ತದೆ, ಅದರ ತಾಳಕ್ಕೆ ಸಾಲು ಓಡುತ್ತದೆ. ಕೇಳಿದರೆ "ಗಟ್ಟಿಯಾಗ್ತದೆ" ಎಂಬ ಉತ್ತರ. ಸಾಮಾನ್ಯ ಸಿಮೆಂಟು ಸೆಟ್ ಆಗಲು ಸುರುವಾಗುವುದಕ್ಕೆ ಕನಿಷ್ಠ 30 ನಿಮಿಷ ಬೇಕೆಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಇಪ್ಪತ್ತು ಮೀಟರ್ ದೂರ ನಡೆಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಕಾಲು ನಿಮಿಷ ಮಾಡಿದ್ದರಿಂದ ತಾರಸಿಗೆ ಯಾವ ಬಲವೂ ಬರುವುದಿಲ್ಲ.

ಮಾಡಬೇಕಾದ್ದು ಸಣ್ಣದು. ಬಾಣಲೆಯ ಒಳಗೆ ಆರು ಲೀಟರ್ ನೀರು ಹೊಯ್ದು, ನೀರು ನಿಂತ ಮಟ್ಟಕ್ಕೆ ಆಯಿಲ್ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆಗಿಂತ ಮೇಲೆ ತುಂಬಬಾರದು. ತೂಕ 19ರಿಂದ 14.5ಕ್ಕೆ ಇಳಿಯುತ್ತದೆ. ಒಂದು ಮಿಶ್ರಣಕ್ಕೆ ಹದಿನಾರು ಬಾಣಲೆ ಇದ್ದದ್ದು ಇಪ್ಪತ್ತೊಂದಾಗುತ್ತದೆ, ನಿಜ. ಆದರೆ ಕೊನೆಯ ಗಂಟೆಯಲ್ಲಿ ಸಾಲು ಕುಸಿಯದೆ ನಿಲ್ಲುವುದರಿಂದ ಸಂಜೆಗೆ ಲೆಕ್ಕ ಸರಿಹೋಗುತ್ತದೆ. ಎರಡನೆಯದು, ಸಾಲಿನ ಮುಂದೆ ಎಲ್ಲರಿಗಿಂತ ಕುಳ್ಳಗಿನವಳನ್ನು ನಿಲ್ಲಿಸಿ. ಅವಳ ಹೆಜ್ಜೆಯೇ ಸಾಲಿನ ಹೆಜ್ಜೆ. ಉದ್ದ ಕಾಲಿನವರಿಗೆ ನಿಧಾನ ನಡೆದು ನಷ್ಟವಿಲ್ಲ. ಕೈಯಿಂದ ಕೈಗೆ ದಾಟಿಸುವ ಸಾಲಾದರೆ ಇಬ್ಬರ ನಡುವೆ ಕೈ ಚಾಚದೆ ಮುಟ್ಟುವಷ್ಟೇ ದೂರ ಇರಲಿ, ತಿರುಗುವಾಗ ಪಾದವೂ ತಿರುಗಲಿ. ಪಾದ ನೆಟ್ಟು ಸೊಂಟ ಮಾತ್ರ ತಿರುಚಿದವರು ಮರುದಿನ ಏಳಲಾರರು.

ಇನ್ನೊಂದು ಓಟ ಅಡಿಕೆ ಅಂಗಳದ್ದು. ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಅಡಿಕೆ, ಒಣಗಲು ನಲವತ್ತು ದಿನವಾದರೂ ಬೇಕು, ಆ ನಲವತ್ತು ದಿನದಲ್ಲಿ ಒಂದಾದರೂ ಅಕಾಲ ಮಳೆ ಬಂದೇ ಬರುತ್ತದೆ. ಮೋಡ ಕಪ್ಪಾದ ಕೂಡಲೇ ಮನೆಯವರು, ಕೆಲಸದವರು ಎಲ್ಲ ಸೇರಿ ಗೋಣಿ ತುಂಬಿ ಓಡುವ ಆ ಹತ್ತು ನಿಮಿಷದಲ್ಲಿ ಆಗುವ ಉಳುಕು, ಬೀಳುವಿಕೆ ಅಷ್ಟಿಷ್ಟಲ್ಲ. ಮಳೆಯ ಮೊದಲ ಹನಿ ಬಿದ್ದ ಅಂಗಳ ಪೂರಾ ಒದ್ದೆಯಾದ ಅಂಗಳಕ್ಕಿಂತ ಹೆಚ್ಚು ಜಾರುತ್ತದೆ, ಧೂಳು ಪಾಚಿ ಸೇರಿ ಎಣ್ಣೆಯಂತಾಗಿರುತ್ತದೆ. ಹೊರೆ ಹೊತ್ತು ಓಡುವಾಗ ಪಾದ ಜಾರಿದರೆ ತಡೆದುಕೊಳ್ಳಲು ಇರುವ ಉಪಾಯ ಕೈ ಬೀಸುವುದು ಒಂದೇ, ಕೈ ಮಾತ್ರ ಖಾಲಿ ಇಲ್ಲ. ಅಡಿಕೆಯನ್ನು ಸಾಗಿಸುವುದರ ಬದಲು ಇದ್ದಲ್ಲೇ ರಾಶಿ ಮಾಡಿ ಮುಚ್ಚಿ. ಅಂಗಳದ ಒಂದು ಅಂಚಿಗೆ ಸುತ್ತಿಟ್ಟ ತಾರ್ಪಾಲು, ನಾಲ್ಕು ಮೂಲೆಗೆ ಮರಳಿನ ಚೀಲ ಮೊದಲೇ ಇರಲಿ. ರಾಶಿಯ ಬುಡಕ್ಕೆ ನೀರು ಬರದಂತೆ ಅಂಗಳಕ್ಕೆ ಇಳಿಜಾರು ಇದ್ದರೆ ಸಾಕು.

ಹೊರೆ ಎಲ್ಲಿದೆ ಎಂಬುದೂ ಎಷ್ಟಿದೆ ಎಂಬಷ್ಟೇ ಮುಖ್ಯ. ಹದಿನೈದು ಲೀಟರಿನ ಕೊಡಪಾನ ತುಂಬಿದರೆ ನೀರೇ 15 ಕೆಜಿ. ಅದನ್ನು ಎಡಸೊಂಟಕ್ಕೆ ಇಟ್ಟಾಗ ಮೈ ಬಲಕ್ಕೆ ವಾಲುತ್ತದೆ, ಬಲಗಾಲಿನಲ್ಲಿ ನಿಂತ ಪ್ರತಿ ಹೆಜ್ಜೆಗೂ ಬಲಸೊಂಟದ ಹೊರಬದಿಯ ಸ್ನಾಯು ಸೊಂಟ ಎಡಕ್ಕೆ ಕುಸಿಯದಂತೆ ಬಿಗಿಹಿಡಿಯಬೇಕು. ಹೆಂಗಸರಿಗೆ ಸೊಂಟ ಅಗಲವಾದಷ್ಟು ಈ ಸ್ನಾಯುವಿಗೆ ಕೆಲಸ ಹೆಚ್ಚು. ನೋವು ಕೊಡ ಇಟ್ಟ ಕಡೆ ಬರುವುದಿಲ್ಲ, ಎದುರು ಕಡೆ ಬರುತ್ತದೆ; ಹಾಗಾಗಿ ಕೊಡಕ್ಕೂ ನೋವಿಗೂ ಸಂಬಂಧ ಉಂಟೆಂದು ಯಾರಿಗೂ ಹೊಳೆಯುವುದಿಲ್ಲ. ಎಂಟು ಲೀಟರಿನ ಎರಡು ಬಕೆಟು ಎರಡು ಕೈಯಲ್ಲಿ ಹಿಡಿದರೆ ಭಾರ ಹೆಚ್ಚುಕಡಿಮೆ ಅಷ್ಟೇ, ವಾಲುವಿಕೆ ಇಲ್ಲ. ಬೆನ್ನಿನ ಹೊರೆ ಮೈಗೆ ಅಂಟಿದಷ್ಟು ಒಳ್ಳೆಯದು. ಹರಿತ ಕರ್ಮ ಸೇನೆಯ ಹೆಂಗಸರು ಮನೆ ಮನೆಯಿಂದ ಪ್ಲಾಸ್ಟಿಕ್ ತರುವ ಚೀಲಗಳಲ್ಲಿ ತೂಕ ಕಡಿಮೆ, ಗಾತ್ರ ವಿಪರೀತ. ಒಂದೇ ಹೆಗಲಿಗೆ ಹಾಕಿದ ಅಂಥ ಚೀಲ ಹಿಂದಕ್ಕೂ ಬದಿಗೂ ಎಳೆಯುತ್ತದೆ, ಎದುರು ಗಾಳಿಗೆ ಹಾಯಿಯಂತೆ ಉಬ್ಬುತ್ತದೆ. ಚೀಲಕ್ಕೆ ಎರಡು ಅಗಲ ಪಟ್ಟಿ ಹೊಲಿಸಿ ಬೆನ್ನಿಗೆ ಹಾಕುವಂತೆ ಮಾಡಲು ಟೈಲರಿಗೆ ಹತ್ತು ನಿಮಿಷದ ಕೆಲಸ, ಪಂಚಾಯತು ಮನಸ್ಸು ಮಾಡಬೇಕು.

ಕಾಲಿನ ಭಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾದದ ಒಂದು ಕೆಜಿ ಬೆನ್ನಿನ ನಾಲ್ಕೈದು ಕೆಜಿಗೆ ಸಮ, ಯಾಕೆಂದರೆ ಅದನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಿ ನಿಲ್ಲಿಸಬೇಕು. ಗಂಡಸರ ಅಳತೆಯ ಗಂಬೂಟಿಗೆ ಕೆಸರು ಮೆತ್ತಿಕೊಂಡರೆ ತಲೆಯಲ್ಲಿ ಇನ್ನೊಂದು ಹೆಡಗೆ ಇಟ್ಟ ಹಾಗೆ. ಸರಿಯಾದ ಅಳತೆಯದ್ದು ತೆಗೆದುಕೊಡಿ, ಕೆಸರು ಕೆರೆಯಲು ದಾರಿ ಬದಿಗೆ ಒಂದು ಹಾರೆ ತುಂಡು ನೆಟ್ಟಿಡಿ.

ಹೊರೆ ಹೊತ್ತು ನಡೆಯುವುದರಲ್ಲಿ ಕುತ್ತಿಗೆ ಅಷ್ಟು ಕೆಡುವುದಿಲ್ಲ, ಹೆಚ್ಚು ಕೆಡುವುದು ತಲೆಗೆ ಏರಿಸುವುದು, ಇಳಿಸುವುದು ಈ ಎರಡರಲ್ಲಿ. ಬ್ರಿಟನ್ನಿನ ಕಾರ್ಮಿಕ ಸುರಕ್ಷತೆಯ ಮಾರ್ಗಸೂಚಿ ಹೆಂಗಸರಿಗೆ ಮೈಗೆ ಹತ್ತಿರ ಹಿಡಿದು ಸೊಂಟದೆತ್ತರದಲ್ಲಿ 16 ಕೆಜಿ, ನೆಲದಿಂದ ಎತ್ತಲು ಅಥವಾ ಹೆಗಲಿಗಿಂತ ಮೇಲೆ ಏರಿಸಲು 7 ಕೆಜಿ ಎನ್ನುತ್ತದೆ. ನಮ್ಮ ಹೆಡಗೆ ನೆಲದಲ್ಲೇ ತುಂಬುತ್ತದೆ, ತಲೆಗೇ ಏರುತ್ತದೆ. ಎರಡೂ ಕೆಟ್ಟ ತುದಿಗಳು ಒಂದೇ ಉಸಿರಿನಲ್ಲಿ. ಹೆಡಗೆಯನ್ನು ಸೊಂಟದೆತ್ತರದ ಕಲ್ಲಿನ ಮೇಲಿಟ್ಟು ತುಂಬಿ. ಇಬ್ಬರು ಸೇರಿ ಎತ್ತಿಕೊಡಿ, ಹೊರುವವಳು ಮೊಣಕಾಲು ಬಗ್ಗಿಸಿ ತಲೆಯನ್ನು ಹೆಡಗೆಯ ಅಡಿಗೆ ತರಲಿ, ಎತ್ತುವಾಗ ಉಸಿರು ಬಿಡಲಿ. ತಲೆಯಲ್ಲಿ ಕೂತ ಮೇಲೆ ಎರಡು ಎಣಿಸುವಷ್ಟು ಹೊತ್ತು ನಿಂತು, ಆಮೇಲೆ ಹೆಜ್ಜೆ. ಇಳಿಸುವಾಗ ಕತ್ತು ಓರೆ ಮಾಡಿ ಎಸೆಯುವ ರೂಢಿಯಂತೂ ಬಿಡಲೇಬೇಕು. ಇಪ್ಪತ್ತು ಕೆಜಿ ಒಂದು ಬದಿಗೆ ಜಾರುವ ಆ ಕ್ಷಣದಲ್ಲಿ ಕುತ್ತಿಗೆಯ ಏಳು ಮಣಿಗಳಲ್ಲಿ ಕೆಳಗಿನ ಎರಡು ಮೂರರ ಮೇಲೆ ಬೀಳುವ ತಿರುಚು ದಿನವಿಡೀ ಹೊತ್ತದ್ದಕ್ಕಿಂತ ಕೆಟ್ಟದ್ದು. ಕೈ ಬೆರಳು ಜೋಮು ಹಿಡಿಯುವುದು ಅದರ ಮೊದಲ ಸೂಚನೆ.

ಸಿಂಬೆಯ ವಿಷಯ ಸಣ್ಣದೆಂದು ಕಡೆಗಣಿಸಬೇಡಿ. ತೆಳ್ಳಗಿನ ಬೈರಾಸನ್ನು ಎರಡು ಸುತ್ತು ಸುತ್ತಿದರೆ ಹೊರೆ ನೆತ್ತಿಗೇ ಕೂರುತ್ತದೆ, ಕುತ್ತಿಗೆ ಅದನ್ನು ಸಮತೋಲ ಮಾಡುತ್ತಾ ಬಿಗಿಯುತ್ತಲೇ ಇರುತ್ತದೆ. ದಪ್ಪ ಬಟ್ಟೆಯನ್ನು ಹಿಂಡಿ ಹಗ್ಗದಂತೆ ಹುರಿ ಮಾಡಿ, ಮುಷ್ಟಿ ತೂರುವಷ್ಟು ನಡುವೆ ತೂತು ಬಿಟ್ಟು ಸುತ್ತಿದ ಸಿಂಬೆ ಹೊರೆಯನ್ನು ತಲೆಯ ಸುತ್ತಳತೆಗೆ ಹಂಚುತ್ತದೆ, ನೆತ್ತಿ ಮುಟ್ಟುವುದಿಲ್ಲ. ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ಹಾಕುವವರು ಸಿಂಬೆಯನ್ನು ಅದರ ಮೇಲಿಡಬಾರದು, ಹಾಳೆ ನುಣುಪು, ಜಾರುತ್ತದೆ. ಒಳಗೆ ಇಟ್ಟು ಮೇಲಿಂದ ಮುಟ್ಟಾಳೆ ಹಾಕಿದರೆ ಬೆವರಿಗೂ ಒಳ್ಳೆಯದು.

ಹೆಂಗಸರು ವೈದ್ಯರೆದುರೂ ಬಾಯಿಬಿಡದ ಒಂದು ತೊಂದರೆ ಇದೆ. ಹೊರೆ ಎತ್ತುವಾಗ, ಕೆಮ್ಮುವಾಗ, ಓಡುವಾಗ ಹನಿ ಮೂತ್ರ ಹೋಗುವುದು. ಸಂಜೆಗೆ ಕೆಳಗೆ ಏನೋ ಜಗ್ಗಿದಂತೆ, ಇಳಿದಂತೆ ಆಗುವುದು. ಗರ್ಭಕೋಶ, ಮೂತ್ರಚೀಲಗಳನ್ನು ಕೆಳಗಿಂದ ತೊಟ್ಟಿಲಿನ ಬಟ್ಟೆಯಂತೆ ಹಿಡಿದಿರುವ ಸ್ನಾಯುಗಳು ಸಡಿಲವಾದ ಲಕ್ಷಣ ಅದು. ಉಸಿರು ಕಟ್ಟಿ ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡವೆಲ್ಲ ಆ ಬಟ್ಟೆಯ ಮೇಲೆ ಬೀಳುತ್ತದೆ, ಓಡಿದಾಗ ಪ್ರತಿ ಹೆಜ್ಜೆಗೂ ಬೀಳುತ್ತದೆ. ಹೆರಿಗೆಯಾದವರಲ್ಲಿ ಹೆಚ್ಚು. ಬಾಣಂತನದ ಆರು ವಾರ ಮಗುವಿಗಿಂತ ಭಾರದ್ದು ಯಾವುದನ್ನೂ ಎತ್ತಬಾರದು, ಆಮೇಲೂ ಹೊರೆಯನ್ನು ತಿಂಗಳುಗಳ ಲೆಕ್ಕದಲ್ಲಿ ಏರಿಸಬೇಕೇ ಹೊರತು ದಿನಗಳ ಲೆಕ್ಕದಲ್ಲಲ್ಲ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಎಣಿಸುವ ತನಕ ಬಿಗಿಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು: ಮೂರು ತಿಂಗಳು ಬಿಡದೆ ಮಾಡಿದವರಲ್ಲಿ ಹೆಚ್ಚಿನವರಿಗೆ ಹಿಡಿತ ಸುಧಾರಿಸುತ್ತದೆ. ಹೊರೆ ಎತ್ತುವ ಮೊದಲು ಒಮ್ಮೆ ಅದನ್ನು ಬಿಗಿದುಕೊಂಡರೆ ಅರ್ಧ ರಕ್ಷಣೆ. ಏದುಸಿರು ಬೇಗ ಬರುವವರು ಒಮ್ಮೆ ಹಿಮೋಗ್ಲೋಬಿನ್ ನೋಡಿಸಿಕೊಳ್ಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ದೇಶದಲ್ಲಿ ನೂರಕ್ಕೆ 57, ಕೇರಳದಲ್ಲೂ ನೂರಕ್ಕೆ 36. ರಕ್ತ ಕಡಿಮೆ ಇದ್ದವಳಿಗೆ ಹತ್ತು ಕೆಜಿಯೂ ಇಪ್ಪತ್ತೇ.

ಪೊಲೀಸು, ಅರಣ್ಯ, ಸೇನೆಯ ಕೆಲಸಕ್ಕೆಂದು ಶಾಲಾ ಮೈದಾನಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಓಡುವ ಹುಡುಗಿಯರ ಬಗ್ಗೆಯೂ ಎರಡು ಮಾತು. ಬೆನ್ನಿಗೆ ಮರಳು ಚೀಲ ಕಟ್ಟಿ ಓಡಿಸಿದರೆ, ಬಿಚ್ಚಿದಾಗ ಹಕ್ಕಿಯಂತೆ ಓಡುತ್ತಾರೆ ಎಂಬ ನಂಬಿಕೆ ತರಬೇತಿ ಕೊಡುವವರಲ್ಲಿ ಇದೆ. ಚೀಲ ಕಟ್ಟಿ ಓಡುವಾಗ ಕಲಿಯುವುದು ಗಿಡ್ಡ ಹೆಜ್ಜೆ, ಬಾಗಿದ ಬೆನ್ನು, ನೆಲಕ್ಕೆ ಅಂಟಿದ ಪಾದ. ಬಿಚ್ಚಿದ ಮೇಲೂ ಅದೇ ಉಳಿಯುತ್ತದೆ. ಕಣಕಾಲಿಗೆ ಮರಳು ಪಟ್ಟಿ ಕಟ್ಟುವುದು ಇನ್ನೂ ಕೆಟ್ಟದ್ದು, ಪಾದದ ಲೆಕ್ಕ ಆಗಲೇ ಹೇಳಿದ್ದೇವೆ. ಹೊರೆಯ ಅಭ್ಯಾಸ ಬೇಕಿದ್ದರೆ ಹೊರೆ ಹೊತ್ತು ನಡೆಯಲಿ: ವಾರಕ್ಕೆ ಎರಡು ದಿನ, ಮೈತೂಕದ ಹತ್ತರಲ್ಲೊಂದು ಪಾಲು, ಬೆನ್ನಿಗೆ ಎತ್ತರದಲ್ಲಿ ಬಿಗಿಯಾಗಿ ಕಟ್ಟಿ, ಇಪ್ಪತ್ತು ನಿಮಿಷ. ಓಟ ಬೇರೆ ದಿನ, ಬರಿ ಬೆನ್ನಿನಲ್ಲಿ, ಡಾಮರು ಬಿಟ್ಟು ಮೈದಾನದಲ್ಲಿ. ಕಣಕಾಲಿನ ಮುಂದಿನ ಎಲುಬಿನಲ್ಲಿ ಒಂದು ಬೆರಳು ಇಟ್ಟಲ್ಲೇ ನೋವು, ಅಥವಾ ಒಂಟಿಕಾಲಿನಲ್ಲಿ ಕುಪ್ಪಳಿಸಿದರೆ ತೊಡೆಸಂದಿನಲ್ಲಿ ಚುಚ್ಚುವ ನೋವು ಬಂದರೆ ಅಂದೇ ಓಟ ನಿಲ್ಲಿಸಿ. ಬಿರುಕು ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. "ಎಕ್ಸ್‌ರೇ ಸರಿ ಉಂಟು, ಓಡು" ಎನ್ನುವವರ ಮಾತು ಕೇಳಬಾರದು. ಮುಟ್ಟು ಎರಡು ಮೂರು ತಿಂಗಳು ನಿಂತ ಹುಡುಗಿಯರಲ್ಲಿ ಈ ಅಪಾಯ ಹೆಚ್ಚು, ತಿನ್ನುವುದು ಸಾಲುತ್ತಿಲ್ಲ ಎಂದು ಹೆಚ್ಚಾಗಿ ಅದರ ಅರ್ಥ. ಶಾಲಾ ಚೀಲಕ್ಕೂ ಇದೇ ಹತ್ತರಲ್ಲೊಂದರ ಮಿತಿ, 2020ರ ರಾಷ್ಟ್ರೀಯ ನೀತಿಯಲ್ಲೇ ಇದೆ. ಬಸ್ಸಿಗೆ ಓಡುವ ಮಕ್ಕಳ ಬೆನ್ನು ನೋಡಿದರೆ ಯಾರೂ ತೂಗಿದ ಹಾಗೆ ಕಾಣುವುದಿಲ್ಲ.

ಕಾನೂನಿನ ಕಡೆ ನೋಡಿದರೆ, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗಂಡಸಿಗೆ 55 ಕೆಜಿ ಮಿತಿ ಎಂದಿತು, ಹೆಂಗಸರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕೆಂದಿತು. 1948ರ ನಮ್ಮ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ನು ಹಾನಿ ಮಾಡುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂದಿತು. ತಲೆಹೊರೆ ಕಾರ್ಮಿಕರಿಗೆಂದು ಕೇರಳದಲ್ಲಿ 1978ರ ಪ್ರತ್ಯೇಕ ಕಾಯ್ದೆಯೇ ಉಂಟು. ತೋಟ, ಹಟ್ಟಿ, ಮನೆಯಂಗಳ ಮಾತ್ರ ಕಾರ್ಖಾನೆಯೂ ಅಲ್ಲ, ಅಲ್ಲಿ ಹೊರುವವಳಿಗೆ ತಲೆಹೊರೆ ಕಾರ್ಮಿಕಳೆಂಬ ಹೆಸರೂ ಇಲ್ಲ. ಆದ್ದರಿಂದ ಇಲ್ಲಿ ಮಿತಿ ಹಾಕಬೇಕಾದ್ದು ಕೆಲಸ ಮಾಡಿಸುವವರೇ. ಕೊಕ್ಕೆಗೆ ನೇತುಹಾಕುವ ಸಣ್ಣ ತಕ್ಕಡಿ ಗುಜರಿ ಅಂಗಡಿಯಲ್ಲೂ ಸಿಗುತ್ತದೆ. ಒಣ ಹುಲ್ಲಿನ ಹೊರೆ, ಮಳೆಯಲ್ಲಿ ನೆಂದ ಅದೇ ಗಾತ್ರದ ಹೊರೆ, ಹಸಿ ಗೊಬ್ಬರದ ಹೆಡಗೆ, ಹಣ್ಣಡಿಕೆಯ ಹೆಡಗೆ ಇಷ್ಟನ್ನು ಒಮ್ಮೆ ತೂಗಿ ಹಟ್ಟಿಯ ಗೋಡೆಗೆ ಬರೆದಿಟ್ಟರೆ ಆಮೇಲೆ ಊಹೆ ಬೇಡ. ಐವತ್ತು ಕೆಜಿಯ ಹೆಂಗಸಿಗೆ ದಿನವಿಡೀ ಹೊರಲು 10 ಕೆಜಿ, ಸಮ ದಾರಿಯಲ್ಲಿ ನಿಧಾನ ನಡೆದು ಸ್ವಲ್ಪ ದೂರಕ್ಕೆ 15 ಎಂಬುದು ನಮ್ಮ ಅಭಿಪ್ರಾಯ. ಏರು ಇಳಿಜಾರು ಇದ್ದರೆ ಇನ್ನೂ ಕಡಿಮೆ, ಇಳಿಜಾರಿನಲ್ಲಿ ಮುಖ್ಯವಾಗಿ. ಐವತ್ತು ಕೆಜಿಯ ಸಿಮೆಂಟು ಚೀಲ, 45 ಕೆಜಿಯ ಯೂರಿಯಾ ಚೀಲ ಯಾವ ಹೆಂಗಸೂ ಒಬ್ಬಳೇ ಎತ್ತುವಂಥದ್ದಲ್ಲ. ಗೋಡೌನಿನಲ್ಲೇ ಎರಡು ಮಾಡಿ ಕಳಿಸಿ.

ಕೊನೆಗೆ ಪಂಚಾಯತುಗಳಿಗೆ ಒಂದು ಬೇಡಿಕೆ. ಹಳೆಯ ದಾರಿಗಳ ಬದಿಯಲ್ಲಿ ಹೊರೆ ಇಳಿಸುವ ಕಲ್ಲುಗಳಿದ್ದವು, ಮಲಯಾಳದಲ್ಲಿ ಚುಮಡುತಾಂಗಿ ಎನ್ನುತ್ತಾರೆ. ಎರಡು ಕಂಬ, ಮೇಲೊಂದು ಅಡ್ಡಗಲ್ಲು. ಹೊತ್ತವಳು ಯಾರ ಸಹಾಯವೂ ಇಲ್ಲದೆ, ಬಾಗದೆ, ತಲೆಯಿಂದ ಕಲ್ಲಿಗೆ ಹೊರೆ ಸರಿಸಿ ಉಸಿರು ಬಿಟ್ಟು, ಮತ್ತೆ ಅಲ್ಲಿಂದಲೇ ತಲೆಗೆ ಎಳೆದುಕೊಂಡು ಹೋಗುತ್ತಿದ್ದಳು. ಎತ್ತಿಕೊಡಲು ಯಾರೂ ಸಿಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಇಂದು ಹೆಂಗಸರು ನಡುವೆ ಎಲ್ಲೂ ಇಳಿಸುವುದಿಲ್ಲ, ಬೇಗ ಮುಟ್ಟಿದರೆ ಸಾಕೆಂದು ಕೊನೆಯ ನೂರು ಮಾರು ಓಡುನಡಿಗೆಯಲ್ಲೇ ಮುಗಿಸುತ್ತಾರೆ. ರಸ್ತೆ ಅಗಲ ಮಾಡುವಾಗ ಇಂಥ ಕಲ್ಲು ಉಳಿದಿದ್ದರೆ ಕಿತ್ತು ಹಾಕಬೇಡಿ. ಉದ್ಯೋಗ ಖಾತರಿಯ ಕೆಲಸದ ಜಾಗಗಳಲ್ಲಿ, ಗುಡ್ಡೆಯಿಂದ ಇಳಿಯುವ ಕಾಲುದಾರಿಗಳಲ್ಲಿ ಇನ್ನೂರು ಮೀಟರಿಗೊಂದರಂತೆ ಹೊಸತು ಕಟ್ಟಿ. ಮುರಕಲ್ಲಿನ ಎರಡು ಕಂಬ, ಮೇಲೆ ಒಂದಡಿ ಅಗಲದ ಕಾಂಕ್ರೀಟು ಹಲಗೆ ಸಾಕು. ಎತ್ತರ ಮಾತ್ರ ಎಂಜಿನಿಯರರ ಹೆಗಲಿಗೆ ನೋಡಿ ಇಡಬೇಡಿ. ಅಲ್ಲಿ ಹೊರುವ ಹೆಂಗಸರನ್ನು ನಿಲ್ಲಿಸಿ ಅಳೆಯಿರಿ, ಹೆಚ್ಚುಕಡಿಮೆ ನಾಲ್ಕೂಕಾಲು ಅಡಿ ಬರುತ್ತದೆ.

– ಇಬ್ಬರು ಫಿಸಿಯೋಥೆರಪಿಸ್ಟರು, ಮುಳ್ಳೇರಿಯ